ಏಳನೆಯ ತಿಂಗಳ ಅನ್ನ

ಬೆಳುವಾಯಿ, ೧೮ ಅಕ್ಟೋಬರ್ ೧೯೫೭

ಮಗು ಎಷ್ಟು ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಹೊಟ್ಟೆ ಸರಿ ಇದೆಯೇ ಎಂಬುದನ್ನೆಲ್ಲ ಬರೆದಿಡಬೇಕೆಂದು ನರ್ಸಮ್ಮ ಹೇಳಿದ್ದಾರೆ. ಅದೇನೂ ನನಗೆ ಕಷ್ಟವಲ್ಲ. ಎಂಟನೆಯ ತರಗತಿಯವರೆಗೆ ಓದಿದ್ದೇನೆ. ಹದಿನಾಲ್ಕು ವರ್ಷಗಳಿಂದ ಗಿರಾಕಿಗಳ ಅಳತೆ ಬರೆದುಕೊಳ್ಳುತ್ತಿದ್ದೇನೆ, ಒಬ್ಬರ ರವಿಕೆಯೂ ಬಿಗಿಯಾದದ್ದಿಲ್ಲ.

ಹಾಲು ಏಳು ಸಲ. ದನದ ಹಾಲಿಗೆ ಸಮಪಾಲು ಕುದಿಸಿದ ನೀರು. ಕಕ್ಕಿದ್ದು ಒಂದು ಸಲ. ಎದೆಯ ಸುತ್ತಳತೆ ಹದಿಮೂರು ಇಂಚು. ವಯಸ್ಸು ಹದಿನೆಂಟು ದಿನ.

ಇದರ ತಾಯಿ, ನನ್ನ ಹೆಂಡತಿ, ಹೆತ್ತ ಮೂರನೆಯ ದಿನ ಸಿದ್ಧಕಟ್ಟೆಯ ತಾಯಿಮನೆಯಲ್ಲಿ ಜ್ವರ ಬಂದು ತೀರಿಕೊಂಡಳು. ಉತ್ತರಕ್ರಿಯೆ ಮುಗಿದ ಮರುದಿನ ಅತ್ತೆ ಬಾಗಿಲಿನ ಹಿಂದೆ ನಿಂತು, "ಅದನ್ನು ಕರಕೊಂಡು ಹೋಗಿ. ನನಗೆ ನೋಡ್ಲಿಕ್ಕೆ ಆಗುದಿಲ್ಲ" ಎಂದರು. ಅವಳ ಅಣ್ಣ ಭೋಜ ಬಸ್ಸಿನವರೆಗೆ ಬಂದು ಮಗುವನ್ನು ನನ್ನ ಕೈಗೆ ಕೊಟ್ಟರು. "ಏಳು ತಿಂಗಳು ನೋಡಿಕೊಳ್ಳಿ ಭಾವ. ಅಷ್ಟರಲ್ಲಿ ಅಮ್ಮ ಸರಿಯಾಗ್ತಾರೆ. ಅನ್ನ ಕೊಡುವ ದಿನ ನಾವು ಇಟ್ಟುಕೊಳ್ತೇವೆ" ಎಂದರು.

ಏಳು ತಿಂಗಳು ದೊಡ್ಡದೇನಲ್ಲ. ಹೊಲಿಯಲು ಕೊಟ್ಟ ಬಟ್ಟೆಯನ್ನು ಕೊಳೆ ಮಾಡದೆ ಹಿಂದೆ ಕೊಡುವುದು ನನಗೆ ಗೊತ್ತು.

೨೫ ಅಕ್ಟೋಬರ್

ಮೂಡಬಿದಿರೆಯಲ್ಲಿ ಹನೀಫಾಕನ ಬಟ್ಟೆ ಅಂಗಡಿಯ ಜಗಲಿಯಲ್ಲಿದ್ದ ಮಿಷನ್ನನ್ನು ಮನೆಗೆ ತಂದೆ. ಅಲ್ಲಿ ಕೂತು ಹೊಲಿದರೆ ಇಲ್ಲಿ ಹಾಲು ಕುಡಿಸುವವರಿಲ್ಲ. ಬಸ್ಸಿಗೆ ಏರಿಸಲು ಹನೀಫಾಕ ತಾವೇ ಕೈ ಕೊಟ್ಟರು. "ಬಟ್ಟೆ ನಾನು ಕಳಿಸ್ತೇನೆ ಶೇಖರಣ್ಣ. ನೀವು ಬಾಲೆಯನ್ನು ನೋಡಿ" ಎಂದರು.

ಮನೆ ಅಕ್ಕ ಸುಂದರಿಯದು. ಭಾವ ಬೊಂಬಾಯಿಯ ಹೋಟೆಲಿನಲ್ಲಿದ್ದಾರೆ. ಅಕ್ಕನಿಗೆ ಎರಡು ಮಕ್ಕಳು, ಗದ್ದೆ, ದನವಿಲ್ಲದ ಹಟ್ಟಿ. ಹಾಲು ಆಚೆಮನೆಯ ನೋಣಯ್ಯನಲ್ಲಿಂದ.

ಹಾಲು ಏಳು ಸಲ. ಕಕ್ಕಲಿಲ್ಲ.

೯ ನವೆಂಬರ್

ನರ್ಸಮ್ಮ ಬಂದಿದ್ದರು. ಪುಸ್ತಕ ನೋಡಿ, ತಾಯಂದಿರು ಕೂಡ ಇಷ್ಟು ಚೊಕ್ಕ ಬರೆಯುವುದಿಲ್ಲ ಎಂದರು. ಎದೆ ಹದಿನಾಲ್ಕು ಇಂಚು.

ಅವರು ಘಟ್ಟದ ಮೇಲಿನವರು. "ನಿಮ್ಮ ಮಗು, ನೀವೇ ಸಾಕಬಹುದಲ್ಲ? ಅಲ್ಲಿಗೆ ಯಾಕೆ ಕೊಡಬೇಕು?" ಎಂದು ಕೇಳಿದರು. ನಮ್ಮಲ್ಲಿ ಮಗು ತಾಯಿಯ ಮನೆಯದು ಎಂದೆ. ನಾನು ಅಕ್ಕನ ಮಕ್ಕಳಿಗೆ ಸೋದರಮಾವ, ಅವರು ಈ ಮನೆಯವರು. ನನ್ನ ಮಗಳು ಈ ಮನೆಗೆ ನೆಂಟಳು. ಸಿದ್ಧಕಟ್ಟೆಯಲ್ಲಿ ಅವಳ ತಾಯಿ ಒಬ್ಬಳೇ ಹೆಣ್ಣಾಗಿದ್ದಳು. ಈಗ ಇದೊಂದು ಇಲ್ಲದಿದ್ದರೆ ಆ ಮನೆ ಮುಂದುವರಿಯುವುದಿಲ್ಲ.

"ನಿಮಗೆ ಬೇಸರವಿಲ್ಲವೇ?" ಎಂದರು. ಇಲ್ಲ ಎಂದೆ. ಇರುವ ಕ್ರಮಕ್ಕೆ ಬೇಸರ ಮಾಡಿಕೊಂಡು ಏನು?

೨ ಡಿಸೆಂಬರ್

ಕಾಜಾ ಹೊಲಿಯುತ್ತಿದ್ದೆ, ಬಾಯಲ್ಲಿ ಸೂಜಿ ಇತ್ತು. ಚಾಪೆಯ ಮೇಲಿದ್ದ ಮಗು ನನ್ನನ್ನು ನೋಡಿ ನಕ್ಕಿತು.

ಅಕ್ಕ, "ಅದು ನಿನ್ನನ್ನು ನೋಡಿ ಅಲ್ಲ ಮಾರಾಯ, ದೇವರು ನಗಿಸುದು. ಎಲ್ಲ ಮಕ್ಕಳೂ ಹಾಗೆಯೇ" ಎಂದಳು. ಪರೀಕ್ಷೆ ಮಾಡಿದೆ. ಸೂಜಿ ತೆಗೆದು ನೋಡಿದರೆ ನಗಲಿಲ್ಲ. ಮತ್ತೆ ಸೂಜಿ ಕಚ್ಚಿದರೆ ನಕ್ಕಿತು. ಹೀಗೆ ನಾಲ್ಕು ಸಲ. ದೇವರಿಗೆ ಸೂಜಿಯ ವಿಷಯದಲ್ಲಿ ಅಷ್ಟು ಆಸಕ್ತಿ ಇರಲಾರದು.

ಹಾಲು ಆರು ಸಲ.

೨೯ ಡಿಸೆಂಬರ್

ಸಿಡುಬಿನ ದೇವಿ ಹಾಕುವವನು ಬಂದಿದ್ದ. ತೋಳಿಗೆ ಚುಚ್ಚಿದಾಗ ಮಗು ಅತ್ತದ್ದು ಸ್ವಲ್ಪ, ಅಕ್ಕ ಅತ್ತದ್ದು ಹೆಚ್ಚು. ಪುಸ್ತಕ ತೆಗೆದು ಹೆಸರು ಕೇಳಿದ.

ಹೆಸರಿಟ್ಟಿಲ್ಲ. ಅದು ಸಿದ್ಧಕಟ್ಟೆಯವರು ಇಡಬೇಕಾದದ್ದು. "ಹೆಸರಿಲ್ಲದೆ ಬರೆಯಲಿಕ್ಕೆ ಆಗುದಿಲ್ಲ. 'ಮಗು' ಅಂತ ಬರೆದರೆ ಈ ಊರಲ್ಲಿ ಇನ್ನೂರು ಉಂಟು" ಎಂದ. ಪ್ರಫುಲ್ಲಾ ಎಂದೆ. ಅಕ್ಕ ಒಳಗಿನಿಂದ ತಿರುಗಿ ನೋಡಿದಳು.

ಸಾಯಂಕಾಲ ಸ್ವಲ್ಪ ಜ್ವರ. ಅದು ಬರುವುದೇ. ಹಾಲು ಐದು ಸಲ.

೧೯೫೮ ಜನವರಿ ೧೧

ಹೊಸ ಏರ್ಪಾಡು. ಹಂಚಿನ ಮಾಡಿನ ಪಕ್ಕಾಸಿನ ಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿ, ಅದರಿಂದ ಒಂದು ಹುರಿ ತಂದು ಮಿಷನ್ನಿನ ಕಾಲುಹಲಗೆಗೆ ಬಿಗಿದೆ. ತುಳಿದರೆ ತೊಟ್ಟಿಲು ತೂಗುತ್ತದೆ. ಲಂಗದ ಉದ್ದದ ಹೊಲಿಗೆಗೆ ಪ್ರಫುಲ್ಲಾ ಒಳ್ಳೆಯ ನಿದ್ದೆ ಮಾಡುತ್ತಾಳೆ. ಕಾಲರಿನ ಹೊಲಿಗೆ ಅವಳಿಗೆ ಆಗುವುದಿಲ್ಲ, ನಿಂತು ನಿಂತು ಹೋಗುತ್ತದಲ್ಲ, ಎದ್ದು ಬೊಬ್ಬೆ ಹಾಕುತ್ತಾಳೆ. ಆದ್ದರಿಂದ ಲಂಗಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇನೆ, ಕಾಲರುಗಳನ್ನು ಬೆಳಗ್ಗೆ.

ಬಟ್ಟೆ ತಂದ ಹನೀಫಾಕ ಇದನ್ನು ನೋಡಿ ಹತ್ತು ನಿಮಿಷ ನಕ್ಕರು. "ಶರ್ಟಿನ ಗಿರಾಕಿಗಳು ಕಡಿಮೆಯಾದದ್ದು ಯಾಕೆ ಅಂತ ಈಗ ಗೊತ್ತಾಯಿತು" ಎಂದರು.

ಕುತ್ತಿಗೆ ನಿಂತಿದೆ.

೬ ಫೆಬ್ರವರಿ

ಇಂದು ಮಗುಚಿಕೊಂಡಳು. ಬಲಕ್ಕೆ. ಕೈ ಅಡಿಯಲ್ಲಿ ಸಿಕ್ಕಿಕೊಂಡು ಕೋಪ ಬಂತು. ನಾನು ತೆಗೆಯಲಿಲ್ಲ, ನೋಡುತ್ತ ಕೂತೆ. ತಾನೇ ತೆಗೆದಳು.

ಪ್ರಫುಲ್ಲಾ ಎಂಬ ಹೆಸರು ನನ್ನ ಹೆಂಡತಿ ಕಾಂತಿ ಆರಿಸಿದ್ದು. ಕಳೆದ ಮಳೆಗಾಲದಲ್ಲಿ ಹೇಳಿದ್ದಳು, ಹೆಣ್ಣಾದರೆ ಪ್ರಫುಲ್ಲಾ ಅಂತ. ಶಾಲೆಯಲ್ಲಿ ಅವಳಿಗೆ ಅದೇ ಹೆಸರಿನ ಟೀಚರ್ ಇದ್ದರಂತೆ, ಯಾರಿಗೂ ಹೊಡೆಯುತ್ತಿರಲಿಲ್ಲವಂತೆ. ಬರೆದಿಡುವ ವಿಷಯವೇನಲ್ಲ. ಆದರೂ ಬರೆದೆ.

೧೪ ಮಾರ್ಚ್

ಅಕ್ಕ ಮಕ್ಕಳನ್ನು ಕರೆದುಕೊಂಡು ಕಾರ್ಕಳದ ಮದುವೆಗೆ ಹೋಗಿ ಎರಡು ದಿನ. ನೋಣಯ್ಯನ ದನ ಇಂದು ಒದ್ದು ಹಾಲೆಲ್ಲ ಚೆಲ್ಲಿತು. ಹನ್ನೊಂದು ಗಂಟೆಯಿಂದ ಪ್ರಫುಲ್ಲಾ ಅಳುತ್ತಿದ್ದಳು. ಮೂರು ಮನೆ ತಿರುಗಿದೆ, ಹಾಲು ಮಜ್ಜಿಗೆಯಾಗಿತ್ತು. ಲಂಗ ಹೊಲಿದರೂ ಮಲಗಲಿಲ್ಲ.

ನನ್ನ ಗಂಜಿ ಒಲೆಯ ಮೇಲಿತ್ತು. ಮೇಲಿನ ತೆಳಿ ತೆಗೆದು, ಆರಿಸಿ, ಚಮಚದಲ್ಲಿ ಕೊಟ್ಟೆ. ಕುಡಿದಳು. ಬಟ್ಟಲು ಖಾಲಿಯಾಗುವ ತನಕ ಕಣ್ಣು ಮಿಟುಕಿಸಲಿಲ್ಲ.

ತೆಳಿ ಎಂದರೆ ನೀರು. ಅನ್ನವಲ್ಲ.

೧೫ ಮಾರ್ಚ್

ಇಂದು ಹಾಲು ಬಂತು. ಆದರೂ ಮಧ್ಯಾಹ್ನ ನಾನು ಉಣ್ಣುವಾಗ ಬಟ್ಟಲಿನ ಕಡೆಗೇ ಬಾಯಿ ತೆರೆದಳು. ಏಳೆಂಟು ಅಗುಳು ಬೆರಳಿನಲ್ಲಿ ನುಣ್ಣಗೆ ಅರೆದು ತೆಳಿಯಲ್ಲಿ ಕದಡಿದೆ. ಹೆಚ್ಚಿನ ಪಾಲು ನೀರೇ.

೧೯ ಮಾರ್ಚ್

ಅಕ್ಕ ನೋಡಿಬಿಟ್ಟಳು.

"ಅಯ್ಯೋ ಶೇಖರ, ಏನು ಮಾಡಿದ್ದೀ ನೀನು! ಸೋದರಮಾವನ ಮಡಿಲಲ್ಲಿ ಕೂತು ತಿನ್ನಬೇಕಾದ ಅನ್ನ. ಅವರ ಮನೆಯ ಹುಡುಗಿಗೆ ನಮ್ಮ ಮನೆಯ ಅಕ್ಕಿ ಮೊದಲು ಬಿತ್ತಲ್ಲ! ನಾಳೆ ಅವರು ಕೇಳಿದರೆ?"

"ತೆಳಿ ಅಕ್ಕ. ನೀರು."

"ಗಲ್ಲದ ಮೇಲೆ ಅಗುಳು ಅಂಟಿಕೊಂಡುಂಟು. ನೀರಾ ಅದು?"

ಸ್ವಲ್ಪ ಹೊತ್ತಿಗೆ ಅವಳೇ, "ಆದದ್ದು ಆಯಿತು. ಬಾಯಿ ಬಿಡಬೇಡ. ಏನೂ ತಿಳಿಯದ ಮಗುವಲ್ಲವಾ, ಹೇಳ್ಲಿಕ್ಕೆ ಅದಕ್ಕೆ ಬರುದಿಲ್ಲ" ಎಂದಳು. ಮಧ್ಯಾಹ್ನ ನೋಡಿದರೆ ಅಗುಳನ್ನು ಅರೆಯುತ್ತಿದ್ದವಳು ಅಕ್ಕನೇ. ನಾನು ಅರೆದದ್ದು ತರಿತರಿಯಾಗಿದೆಯಂತೆ.

೨ ಏಪ್ರಿಲ್

ಕೆಳಗಿನ ಸಾಲಿನಲ್ಲಿ ಒಂದು ಹಲ್ಲು. ಚಮಚಕ್ಕೆ ತಾಗಿ ಟಿಕ್ ಎಂದಿತು. ಕೂರಿಸಿದರೆ ಸ್ವಲ್ಪ ಹೊತ್ತು ಕೂರುತ್ತಾಳೆ. ಎದೆ ಹದಿನೇಳು ಇಂಚು. ನಾನು ಹೊಲಿದ ಮೂರು ಅಂಗಿಗಳೂ ಸಣ್ಣದಾಗಿವೆ. ಹೊಸದನ್ನು ಸ್ವಲ್ಪ ದೊಡ್ಡ ಅಳತೆಗೆ ಕತ್ತರಿಸಿದೆ, ವರ್ಷದ ತನಕ ಬರುವಂತೆ.

೮ ಏಪ್ರಿಲ್

ಭೋಜ ಭಾವ ಬಂದು ದಿನ ಹೇಳಿ ಹೋದರು. ಇದೇ ಇಪ್ಪತ್ತನಾಲ್ಕು.

"ಅವಳಿಗೆ ಶೀತ ಉಂಟು ಭಾವ. ಮುಂದಿನ ತಿಂಗಳಿಗೆ ಇಡುವ" ಎಂದೆ.

"ಶೀತಕ್ಕೆ ಅನ್ನ ಕೊಡಬಾರದು ಅಂತ ಉಂಟಾ? ಮುಂದಿನದು ಎಂಟನೇ ತಿಂಗಳು. ಹೆಣ್ಣಿಗೆ ಸಮ ತಿಂಗಳು ಆಗುದಿಲ್ಲ."

"ಹಾಗಾದರೆ ಒಂಬತ್ತನೇದಕ್ಕೆ?"

ಭೋಜ ಭಾವ ನನ್ನ ಮುಖ ನೋಡಿದರು. ಆಮೇಲೆ ಪ್ರಫುಲ್ಲಾಳನ್ನು ನೋಡಿದರು. ಅವಳ ಮೂಗು ಒಣಗಿತ್ತು. "ಏಳು ತಿಂಗಳು ಅಂತ ನಾವು ಮಾತಾಡಿದ್ದಲ್ಲವಾ ಭಾವ" ಎಂದರು, ಮೆತ್ತಗೆ.

ಹೌದು, ಮಾತಾಡಿದ್ದು. ನಾನು ಮಾತು ತಪ್ಪುವವನಲ್ಲ. ಶೀತದ ವಿಷಯ ಹೇಳಿದ್ದು ಶೀತ ಬರಬಹುದೆಂದು ಅಷ್ಟೇ.

ಸಿದ್ಧಕಟ್ಟೆಯಿಂದ ಬಂದು, ೨೪ ಏಪ್ರಿಲ್

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಚಾವಡಿಯಲ್ಲಿ ದೀಪ ಹಚ್ಚಿಟ್ಟು ಮಣೆ ಹಾಕಿದ್ದರು. ನೆರೆಯ ಹೆಂಗಸರು ಹತ್ತು ಹನ್ನೆರಡು ಜನ. ಅತ್ತೆ ಹೊರಗೆ ಬರಲಿಲ್ಲ. ಆರು ತಿಂಗಳಿಂದ ಅವರು ಒಳಕೋಣೆ ಬಿಟ್ಟು ಬರುವುದೇ ಕಡಿಮೆಯಂತೆ. ಭೋಜ ಭಾವ ಪ್ರಫುಲ್ಲಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಪಾಯಸದ ಅನ್ನವನ್ನು ಉಂಗುರದ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಲು ಹೊರಟರು. ಒಬ್ಬರು, "ಮುಖ ಹೇಗೆ ಮಾಡ್ತದೆ ನೋಡಿ ಈಗ, ಉಗುಳ್ತದೆ" ಎಂದರು.

ಉಗುಳಲಿಲ್ಲ. ಉಂಗುರ ಬರುವ ಮೊದಲೇ ಬಾಯಿ ತೆರೆದಳು. ಮುಟ್ಟಿಸಿದ್ದು ಸಾಲದೆ ಎರಡೂ ಕೈಯಲ್ಲಿ ಮಾವನ ಮಣಿಕಟ್ಟು ಹಿಡಿದು ಬೆರಳನ್ನೇ ಬಾಯಿಗೆ ಎಳೆದುಕೊಂಡು ಕಚ್ಚಿದಳು.

"ಅಮ್ಮಾ!" ಎಂದು ಭೋಜ ಭಾವ ಕೈ ಎಳೆದರು. "ಹಲ್ಲು ಉಂಟು ಇದಕ್ಕೆ!"

ಹೆಂಗಸರು ನಕ್ಕರು. ಪ್ರಫುಲ್ಲಾ ನಾಲಿಗೆಯಲ್ಲಿ ಅಗುಳನ್ನು ಆಚೀಚೆ ಮಾಡಿ, ನುಂಗಿ, ಬಟ್ಟಲಿನ ಕಡೆಗೆ ಬಗ್ಗಿದಳು. ಆಗ ನಗು ನಿಂತಿತು.

"ಇವಳು ಮೊದಲೇ ತಿಂದಿದ್ದಾಳೆ" ಎಂದರು ಮೂಲೆಯಲ್ಲಿದ್ದ ಒಬ್ಬ ಅಜ್ಜಿ. "ಹೊಸ ಬಾಯಿ ಅಲ್ಲ ಇದು."

ಭೋಜ ಭಾವ ನನ್ನನ್ನು ನೋಡಿದರು. ನನ್ನ ಜೊತೆ ಬಂದಿದ್ದ ಅಕ್ಕ ಸೀರೆಯ ಸೆರಗನ್ನು ನೋಡುತ್ತಿದ್ದಳು.

"ನಾನೇ ಕೊಟ್ಟದ್ದು" ಎಂದೆ. "ನಲವತ್ತು ದಿನವಾಯಿತು. ಹಾಲು ಇರಲಿಲ್ಲ, ಅಳ್ತಿದ್ದಳು. ಆಮೇಲೆ ಹಾಲು ಬಂದ ಮೇಲೂ ಕೊಟ್ಟೆ. ಅವಳಿಗೆ ಬೇಕಿತ್ತು."

"ನನ್ನ ಮಡಿಲಲ್ಲಿ ಆಗಬೇಕಾದ್ದು ಭಾವ" ಎಂದರು ಭೋಜ ಭಾವ. ಅವರ ಮುಖ ಕೆಂಪಾಗಿತ್ತು. "ತಂಗಿ ಹೋದ ಮೇಲೆ ಈ ಮನೆಗೆ ಇದ್ದದ್ದು ಇದೊಂದೇ ಕಾರ್ಯ. ಅದನ್ನೂ ನೀವು..."

ಅವರು ಹೇಳಿದ್ದು ಸರಿ.

ಒಳಕೋಣೆಯ ಬಾಗಿಲಿನಿಂದ ಕೇಳಿತು, "ಯಾವ ಅಕ್ಕಿ?"

ಅತ್ತೆ ಹೊಸ್ತಿಲ ಈಚೆಗೆ ಬಂದಿದ್ದರು. ಅವರ ಮುಖವನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಮ್ಮಲ್ಲಿ ಅತ್ತೆಯಂದಿರು ಅಳಿಯನ ಎದುರು ನಿಲ್ಲುವುದಿಲ್ಲ.

"ಕುಚ್ಚಲಕ್ಕಿ, ಹಳೆಯದು" ಎಂದೆ.

"ಉಪ್ಪು ಹಾಕಿದ್ದೀರಾ?"

"ಒಂದು ಹರಳು."

"ಉಪ್ಪು ಇಷ್ಟು ಬೇಗ ಹಾಕಬಾರದು. ಹೊಟ್ಟೆ ಕಟ್ಟಿತಾ?"

"ಒಂದು ದಿನ ಕಟ್ಟಿತು. ಒಣದ್ರಾಕ್ಷಿ ನೆನೆಸಿದ ನೀರು ಕೊಟ್ಟೆ. ಸರಿಯಾಯಿತು."

"ಯಾರು ಹೇಳಿದ್ದು ದ್ರಾಕ್ಷಿ?"

"ಯಾರೂ ಇಲ್ಲ. ಎರಡು ಮೂರು ಮಾಡಿ ನೋಡಿದೆ. ಅವಳಿಗೆ ಆದದ್ದು ಅದು."

ಅತ್ತೆ ಮಗನ ಮಡಿಲಿನಿಂದ ಪ್ರಫುಲ್ಲಾಳನ್ನು ಎತ್ತಿಕೊಂಡು, ಗಲ್ಲ ಒರೆಸಿ, ಬಟ್ಟಲನ್ನೂ ತೆಗೆದುಕೊಂಡು ಒಳಗೆ ಹೋದರು. ಒಳಗಿನಿಂದ ಚಮಚದ ಸದ್ದು ಬರುತ್ತಿತ್ತು.

ನಾಲ್ಕರ ಬಸ್ಸಿಗೆ ನಾನೂ ಅಕ್ಕನೂ ಹೊರಟೆವು. ಕೊಟ್ಟ ಮಾತಿನಂತೆ.

೨೫ ಏಪ್ರಿಲ್

ಲಂಗ ಎರಡು, ರವಿಕೆ ಮೂರು.

೨೬ ಏಪ್ರಿಲ್

ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದೆ. ಬಿಚ್ಚಿದೆ.

೨೭ ಏಪ್ರಿಲ್

ಬಿಚ್ಚಿದೆ.

೩ ಮೇ

ಕೆಲಸ ನಿಧಾನವಾಗಿದೆ, ಸೆಕೆಯಿಂದ. ಸೀರೆಯ ತೊಟ್ಟಿಲನ್ನು ಬಿಚ್ಚಬೇಡ ಎಂದು ಅಕ್ಕನಿಗೆ ಹೇಳಿದೆ, ಮಾಡಿಗೆ ಭಾರವೇನಿಲ್ಲವಲ್ಲ.

ಹನೀಫಾಕ ಬಂದು ಒಂದು ರವಿಕೆ ಎತ್ತಿ ಬೆಳಕಿಗೆ ಹಿಡಿದರು. "ಶೇಖರಣ್ಣ, ಇದು ನೀವು ಹೊಲಿದದ್ದಾ?"

"ಯಾಕೆ?"

"ನಿಮ್ಮ ಶಿಷ್ಯ ಹೊಲಿದದ್ದು ಅಂತ ಹೇಳಿ, ಮಾರಬಹುದು" ಎಂದರು. ಚಾ ಕುಡಿದು ಮತ್ತೆ, "ಮೂಡಬಿದಿರೆಯಿಂದ ಬೆಳುವಾಯಿಗೆ ಬಟ್ಟೆ ಕಳಿಸುದೂ ಒಂದೇ, ಸಿದ್ಧಕಟ್ಟೆಗೆ ಕಳಿಸುದೂ ಒಂದೇ. ಬಸ್ಸು ಎರಡೂ ಕಡೆಗೆ ಉಂಟು" ಎಂದರು. ಇದನ್ನು ಯಾಕೆ ಹೇಳಿದರೋ ಎಂದು ಅವರು ಹೋದ ಮೇಲೆ ಯೋಚಿಸಿದೆ. ಬಹಳ ಹೊತ್ತು ಬೇಕಾಗಲಿಲ್ಲ.

೪ ಮೇ

ಸಿದ್ಧಕಟ್ಟೆಗೆ ಹೋಗುವ ವಿಷಯ ಅಕ್ಕನಿಗೆ ಹೇಳಿದೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ನೀನು ಈ ಮನೆಯ ಗಂಡಸು. ನನ್ನ ಮಕ್ಕಳಿಗೆ ಮಾವ. ಅವರ ಕಾರ್ಯಕ್ಕೆ ಯಾರು ಕೂತುಕೊಳ್ಳುದು?"

"ನಾನೇ. ಸಿದ್ಧಕಟ್ಟೆ ಬೊಂಬಾಯಿ ಅಲ್ಲವಲ್ಲ ಅಕ್ಕ."

"ಹೆಂಡತಿ ಇದ್ದಾಗ ಅವಳ ಮನೆಯಲ್ಲಿ ನಾಲ್ಕು ದಿನ ನಿಲ್ಲದವನು, ಈಗ ಹೋಗಿ ಕೂತುಕೊಳ್ತಿಯಾ? ಜನ ಏನು ಹೇಳ್ತಾರೆ?"

"ಟೈಲರ್ ಬಂದಿದ್ದಾನೆ ಅಂತ ಹೇಳ್ತಾರೆ."

ಅವಳು ಇನ್ನರ್ಧ ಕಾಯಿ ತುರಿದಳು. "ಮಿಷನ್ನಿಗೆ ಗೋಣಿ ಸುತ್ತಿಕೊಂಡು ಹೋಗು. ಬಸ್ಸಿನವರು ಎತ್ತಿ ಹಾಕ್ತಾರೆ, ಅವರಿಗೆ ಎಂಥ" ಎಂದಳು.

ಸಿದ್ಧಕಟ್ಟೆ, ೭ ಮೇ

ಬಸ್ಸಿನ ಮೇಲಿಂದ ಮಿಷನ್ ಇಳಿಸಿ, ಹೊರುವವನೊಬ್ಬನನ್ನು ಹಿಡಿದು ಮನೆಯ ಅಂಗಳಕ್ಕೆ ಬರುವಾಗ ಹನ್ನೊಂದು ಗಂಟೆ. ಭೋಜ ಭಾವ ಜಗಲಿಯಿಂದ ಇಳಿದರು.

"ಇದೆಂಥ ಮಾರಾಯರೇ? ರಿಪೇರಿಗಾ?"

ದಾರಿಯಲ್ಲಿ ನಾನೊಂದು ಮಾತು ಸಿದ್ಧಮಾಡಿಕೊಂಡಿದ್ದೆ. ಮಗುವಿಗೆ ನನ್ನ ರೂಢಿಯಾಗಿದೆ, ಊಟ ಬಿಟ್ಟಿರಬಹುದು, ನಿದ್ದೆ ಬಾರದಿರಬಹುದು ಎಂದೆಲ್ಲ. ಅಷ್ಟರಲ್ಲಿ ಅವಳನ್ನು ನೋಡಿದೆ. ಚಾವಡಿಯಲ್ಲಿ ಚಾಪೆಯ ಮೇಲೆ ಬೆನ್ನು ನೇರ ಮಾಡಿ ಕೂತು ಮರದ ಸೌಟಿನಿಂದ ನೆಲಕ್ಕೆ ಬಡಿಯುತ್ತಿದ್ದಳು. ಗಲ್ಲ ತುಂಬಿತ್ತು. ಕಣ್ಣಿಗೆ ಕಾಡಿಗೆ ಹಾಕಿದ್ದರು. ನನ್ನನ್ನು ನೋಡಿ ನಕ್ಕಳು, ಮತ್ತೆ ಬಡಿಯತೊಡಗಿದಳು. ಹದಿಮೂರು ದಿನಗಳಲ್ಲಿ ಅವಳಿಗೆ ಒಂದು ಕೊರತೆಯೂ ಆಗಿರಲಿಲ್ಲ.

ಸಿದ್ಧಮಾಡಿದ ಮಾತು ಉಪಯೋಗಕ್ಕೆ ಬರಲಿಲ್ಲ.

"ಮಗು ಚೆನ್ನಾಗಿದ್ದಾಳಲ್ಲ ಭಾವ" ಎಂದರು ಭೋಜ ಭಾವ. "ಮತ್ತೆ ಯಾಕೆ?"

"ಅವಳು ಚೆನ್ನಾಗಿದ್ದಾಳೆ. ಕಾಣ್ತದೆ" ಎಂದೆ. "ನಾನು ಚೆನ್ನಾಗಿಲ್ಲ."

ಹೊರುವವನು ಮಿಷನ್ ತಲೆಯ ಮೇಲೆ ಇಟ್ಟುಕೊಂಡೇ ನಿಂತಿದ್ದ. ಭೋಜ ಭಾವ ಹೆಗಲಿನ ಬೈರಾಸು ತೆಗೆದು ಕತ್ತು ಒರೆಸಿಕೊಂಡರು, ಮತ್ತೆ ಹಾಕಿದರು.

"ಮಗು ನಿಮ್ಮ ಮನೆಯದು. ಅದರಲ್ಲಿ ನನಗೆ ತಕರಾರಿಲ್ಲ" ಎಂದೆ. "ಅನ್ನ ನಾನು ಮೊದಲು ಕೊಟ್ಟದ್ದು ತಪ್ಪು. ಕಿವಿ ಚುಚ್ಚುವಾಗ, ಶಾಲೆಗೆ ಹಾಕುವಾಗ, ಮದುವೆಗೆ, ಎಲ್ಲಕ್ಕೂ ನೀವೇ ಮುಂದೆ ಕೂತುಕೊಳ್ಳಿ. ನಾನು ಹಿಂದೆ ಇರ್ತೇನೆ. ಆದರೆ ಇರ್ತೇನೆ."

ಅತ್ತೆ ಒಳಗಿನಿಂದ, "ಭೋಜ, ಆ ಮನುಷ್ಯನ ತಲೆ ಹೋಗ್ತದೆ, ಮಿಷನ್ ಇಳಿಸ್ಲಿಕ್ಕೆ ಹೇಳು" ಎಂದರು. ಮತ್ತೆ, "ಪೂರ್ವದ ಕಿಟಕಿಗೆ ಇಡಿ. ಅಲ್ಲಿ ಬೆಳಕುಂಟು" ಎಂದರು.

ಭೋಜ ಭಾವನೂ ನಾನೂ ಸೇರಿ ಇಳಿಸಿದೆವು. "ಭಾರ ಉಂಟಲ್ಲ ಮಾರಾಯರೇ ಇದು" ಎಂದರು, ನಗದೆ.

೨೮ ಮೇ

ಮೊದಲ ಮಳೆ. ಅಂಬೆಗಾಲು ಶುರು, ಹಿಂದಕ್ಕೆ ಮಾತ್ರ. ಮುಂದಿನ ವಸ್ತು ಬೇಕೆಂದು ಹೊರಟು ಹಿಂದಿನ ಗೋಡೆಗೆ ತಲುಪಿ ಅಳುತ್ತಾಳೆ. ಸ್ನಾನ ಈಗ ಅತ್ತೆಯದು. ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ತಿಕ್ಕುವಾಗ ಬೊಬ್ಬೆ ರಸ್ತೆಗೆ ಕೇಳುತ್ತದೆ. ಮೊದಲೆರಡು ದಿನ ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. "ನಿಮಗೆ ಕೆಲಸ ಇಲ್ಲವಾ?" ಎಂದು ಅತ್ತೆ ಕೇಳಿದರು. ಇದೆ. ಶಾಲೆಯ ಮಕ್ಕಳ ಹೊಸ ಅಂಗಿ ಚಡ್ಡಿ ಮೂವತ್ತು ಜೊತೆ ಬಂದಿವೆ.

ಭೋಜ ಭಾವ ಒಂದು ಬೆಂಚು ಮಾಡಿಸಿದ್ದಾರೆ, ಗಿರಾಕಿಗಳು ಕೂರಲು. ನನಗೆ ಹೇಳಿ ಮಾಡಿಸಿದ್ದಲ್ಲ.

೧೬ ಜೂನ್

ಮಂಡೆನೋವು ಎಂದು ಅತ್ತೆ ಮಲಗಿದ್ದರು. ಪ್ರಫುಲ್ಲಾ ಈಗ ಮುಂದಕ್ಕೆ ಹೋಗುತ್ತಾಳೆ. ಹೋಗಿ ಅವರ ಮುಖದ ಮೇಲೆ ಕೈ ಹಾಕಿ ಕಣ್ಣಿನ ರೆಪ್ಪೆ ಎಳೆದಳು. "ಇದರ ತಾಯಿಯೂ ಹೀಗೆ ಮಾಡ್ತಿದ್ದಳು, ಮಲಗ್ಲಿಕ್ಕೆ ಬಿಡುತ್ತಿರಲಿಲ್ಲ" ಎಂದರು ಅತ್ತೆ. ಕಾಂತಿಯ ಸಣ್ಣಂದಿನ ಮಾತು ನನಗೆ ಗೊತ್ತಿಲ್ಲ. ಇನ್ನೇನು ಮಾಡುತ್ತಿದ್ದಳು ಎಂದು ಕೇಳಿದೆ. ಮಧ್ಯಾಹ್ನದ ತನಕ ಹೇಳಿದರು. ಎರಡು ಸಲ ನಕ್ಕೆವು. ಒಂದು ಜೊತೆ ಮಾತ್ರ ಹೊಲಿದೆ.

೯ ಜುಲೈ

ಮೂರು ವಾರದಿಂದ ಬರೆದಿಲ್ಲ. ಕೆಲಸ ಜಾಸ್ತಿ. ಹಲ್ಲು ನಾಲ್ಕು. ಕಂಬ ಹಿಡಿದು ನಿಲ್ಲುತ್ತಾಳೆ.

ಇಂದು ಮಳೆ ಬಿಟ್ಟು ಬಿಸಿಲು ಬಂದಿತ್ತು. ಒಬ್ಬ ಮುದುಕಿ ರವಿಕೆಯ ಬಟ್ಟೆ ತಂದು ಬೆಂಚಿನ ಮೇಲೆ ಕೂತರು. ಬಂಟ್ವಾಳದ ಕಡೆಯವರು, ಮಗಳ ಮನೆಗೆ ಬಂದಿದ್ದರಂತೆ. ಟೇಪು ಹಿಡಿಯುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಕಡೆಯವರು ಹೊಸಬರನ್ನು ಕೇಳುವ ಹಾಗೆಯೇ ಕೇಳಿದರು. "ನೀವು ಯಾರ ಮನೆಯವರು?"

"ಪ್ರಫುಲ್ಲಾನ ಮನೆಯವನು" ಎಂದೆ.

"ಯಾವ ಪ್ರಫುಲ್ಲಾ? ನನಗೆ ಗೊತ್ತಿಲ್ಲವಲ್ಲ. ಇಲ್ಲಿ ಯಜಮಾನ್ತಿಯಾ?"

"ಹೌದು" ಎಂದು ಅಂಗಳದ ಕಡೆಗೆ ಕೈ ತೋರಿಸಿದೆ. ಮೆಟ್ಟಿಲು ಇಳಿದು ಹೋದವಳು ಕೆಸರಿನಲ್ಲಿ ಕೂತು ಎರಡೂ ಕೈಯಿಂದ ಮಣ್ಣು ತಿನ್ನುತ್ತಿದ್ದಳು. ಟೇಪನ್ನು ಆ ಹೆಂಗಸಿನ ಕುತ್ತಿಗೆಯಲ್ಲೇ ಬಿಟ್ಟು ಓಡಿದೆ.